ಎಳೆಗೂಸಿಗೆ ಫಿಟ್ಸ್ ಬಂದರೆ: ಮೊದಲು ಸಕ್ಕರೆ ನೋಡಿಸಿ, ಆಮೇಲೆ ಕ್ಯಾಲ್ಸಿಯಂ

"ಸಿಸ್ಟರ್, ಕೂಸು ಕೈ ಹಿಂಗ್ ಹಿಂಗ್ ಮಾಡ್ಲಾಕತ್ಯಾದ್ರಿ."

ಬಾಗಿಲಲ್ಲಿ ನಿಂತ ಅಜ್ಜಿ ತಮ್ಮ ಬಲಗೈಯನ್ನೇ ಜಗ್ಗಿ ಜಗ್ಗಿ ತೋರಿಸಿದರು. ಆಳಂದ ಕಡೆಯ ಹಳ್ಳಿಯವರು. ಕೂಸಿಗೆ ಎಂಟು ದಿನ. ಹಿಂದಿನ ದಿನ ಸಂಜೆಯಿಂದ ಬಿಟ್ಟು ಬಿಟ್ಟು ಹೀಗಾಗುತ್ತಿತ್ತು. ದೃಷ್ಟಿ ತೆಗೆದಿದ್ದರು, ತಾಯತ ಕಟ್ಟಿದ್ದರು. ಬಾಣಂತಿಗೆ ಹಾಲು ಸಾಲದು ಅಂತ ನಾಲ್ಕನೇ ದಿನದಿಂದ ಎಮ್ಮೆ ಹಾಲು ಶುರು ಮಾಡಿದ್ದರು. ರಕ್ತ ತೆಗೆದು ನೋಡಿದರೆ ಸಕ್ಕರೆ ಸರಿ ಇತ್ತು, ಕ್ಯಾಲ್ಸಿಯಂ ತೀರಾ ಇಳಿದಿತ್ತು. ಡಾಕ್ಟರು ನರದ ಮೂಲಕ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರು. ಜಗ್ಗುವುದು ನಿಂತಿತು. ವಾರದೊಳಗೆ ಆ ಕೂಸು ತಾಯಿಯ ಎದೆಹಾಲನ್ನೇ ಕುಡಿಯುತ್ತಾ ಮನೆಗೆ ಹೋಯಿತು.

ಇನ್ನೊಂದು ಕೂಸಿನ ಕಥೆ ಹೀಗಾಗಲಿಲ್ಲ. ಹುಟ್ಟಿದಾಗ ಎರಡು ಕೆಜಿಗೂ ಕಡಿಮೆ ಇತ್ತು. ಮೊದಲ ದಿನ ಹಾಲು ಸರಿಯಾಗಿ ಸಿಕ್ಕಿರಲಿಲ್ಲ. ಎರಡನೇ ದಿನ ಫಿಟ್ಸ್ ಬಂತು. ಮೊದಲು ತೋರಿಸಿದ ಕಡೆ ಫಿಟ್ಸ್ ಇಂಜೆಕ್ಷನ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ರಕ್ತದ ಸಕ್ಕರೆ ಯಾರೂ ನೋಡಿರಲಿಲ್ಲ. ನಮ್ಮ ಹತ್ತಿರ ಬಂದಾಗ ಹಿಮ್ಮಡಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದೆವು. ಮಷಿನ್ ಓದಲಾಗದಷ್ಟು ಸಕ್ಕರೆ ಕೆಳಗಿತ್ತು. ಆ ಕೂಸು ಬದುಕಿತು. ಆದರೆ ಆರು ತಿಂಗಳಿಗೆ ಬೇರೆ ರೀತಿಯ ಫಿಟ್ಸ್ ಶುರುವಾಯಿತು. ಕಣ್ಣಿನ ನೋಟವೂ ಸರಿ ನಿಲ್ಲುತ್ತಿರಲಿಲ್ಲ.

ನಾನು ಕಲಬುರಗಿಯಲ್ಲಿ ನವಜಾತ ಶಿಶುಗಳ ವಾರ್ಡಿನಲ್ಲಿ ಹಲವು ವರ್ಷ ನರ್ಸ್ ಆಗಿ ಕೆಲಸ ಮಾಡಿದವಳು. ಈ ಎರಡು ಕೂಸುಗಳ ನೆನಪಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಎಳೆಗೂಸಿಗೆ ಫಿಟ್ಸ್ ಬರಲು ಕಾರಣ ಬಹಳ. ಹೆರಿಗೆಯಲ್ಲಿ ಉಸಿರು ಕಟ್ಟಿದ್ದು ಎಲ್ಲಕ್ಕಿಂತ ದೊಡ್ಡ ಕಾರಣ. ಸೋಂಕು, ಮೆದುಳಿನಲ್ಲಿ ರಕ್ತಸ್ರಾವ ಕೂಡ ಇರುತ್ತವೆ. ಆದರೆ ಸಕ್ಕರೆ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಏರುಪೇರಾಗಿ ಬರುವ ಫಿಟ್ಸ್ ಬೇರೆ ತರಹದ್ದು. ಇದನ್ನು ರಕ್ತ ಪರೀಕ್ಷೆಯಲ್ಲಿ ಕಂಡುಹಿಡಿಯಬಹುದು, ಸರಿ ಮಾಡಬಹುದು. ಹೊತ್ತು ಮೀರಬಾರದು, ಅಷ್ಟೇ.

ಇದು ಫಿಟ್ಸ್ ಹೌದೋ ಅಲ್ಲವೋ

ದೊಡ್ಡವರ ಹಾಗೆ ಮೈಯೆಲ್ಲ ಸೆಟೆದು, ಬಾಯಲ್ಲಿ ನೊರೆ ಬಂದು ಒದ್ದಾಡುವುದು ಎಳೆಗೂಸಿನಲ್ಲಿ ಅಪರೂಪ. ಅದರ ಮೆದುಳು ಇನ್ನೂ ಅಷ್ಟು ಬೆಳೆದಿರುವುದಿಲ್ಲ. ಹಾಗಾಗಿ ಫಿಟ್ಸ್ ಸಣ್ಣ ಸಣ್ಣ ರೂಪದಲ್ಲಿ ಕಾಣುತ್ತದೆ. ಕಣ್ಣು ಒಂದೇ ಕಡೆ ಎಳೆದುಕೊಂಡು ನಿಲ್ಲುವುದು. ರೆಪ್ಪೆ ಪಟಪಟ ಬಡಿಯುವುದು. ಎದೆ ಬಾಯಲ್ಲಿ ಇಲ್ಲದಿದ್ದರೂ ಚಪ್ಪರಿಸುವುದು. ಸೈಕಲ್ ತುಳಿದ ಹಾಗೆ ಕಾಲಾಡಿಸುವುದು. ಒಂದು ಕೈಯೋ ಕಾಲೋ ತಾಳಕ್ಕೆ ಬಿದ್ದಂತೆ ಜಗ್ಗುವುದು. ಇದ್ದಕ್ಕಿದ್ದಂತೆ ಉಸಿರು ನಿಂತು ತುಟಿ ನೀಲಿಯಾಗುವುದು. ಈ ಕೊನೆಯದನ್ನು ಫಿಟ್ಸ್ ಅಂತ ಮನೆಯವರು ಅಂದುಕೊಳ್ಳುವುದೇ ಇಲ್ಲ.

ಎಲ್ಲ ನಡುಕವೂ ಫಿಟ್ಸ್ ಅಲ್ಲ. ಬಟ್ಟೆ ಬಿಚ್ಚಿದಾಗ, ಅತ್ತಾಗ, ಜೋರು ಸಪ್ಪಳವಾದಾಗ ಕೂಸಿನ ಗದ್ದ, ಕೈ ನಡುಗುತ್ತದೆ. ನಡುಗುವ ಕೈಯನ್ನು ಮೆತ್ತಗೆ ಹಿಡಿದು ಮಡಚಿ ನೋಡಿ. ನಿಂತರೆ, ಕಣ್ಣು ಸರಿ ಇದ್ದರೆ, ಅದು ಬರೀ ನಡುಕ. ಹಿಡಿದರೂ ನಿಮ್ಮ ಅಂಗೈಯೊಳಗೇ ಜಗ್ಗುತ್ತಿದ್ದರೆ, ಕಣ್ಣೂ ಎಳೆದಿದ್ದರೆ ಫಿಟ್ಸ್ ಅಂತಲೇ ತಿಳಿಯಿರಿ. ಕೆಲವು ಕೂಸುಗಳು ನಿದ್ದೆಯಲ್ಲಿ ಮಾತ್ರ ಬೆಚ್ಚಿ ಬೆಚ್ಚಿ ಕೈ ಹಾರಿಸುತ್ತವೆ, ಎಬ್ಬಿಸಿದ ತಕ್ಷಣ ನಿಲ್ಲುತ್ತದೆ. ಅದು ಸಾಮಾನ್ಯವಾಗಿ ತೊಂದರೆ ಇಲ್ಲದ್ದು.

ಒಂದು ವಿಷಯ ಮರೆಯಬೇಡಿ. ಸಕ್ಕರೆ ಅಥವಾ ಕ್ಯಾಲ್ಸಿಯಂ ಇಳಿದಾಗ ಮೊದಲು ಬರುವುದು ಈ ಬರೀ ನಡುಕವೇ ಆಗಿರಬಹುದು. ಕೂಸು ಸಣ್ಣದಿದ್ದರೆ, ಹಾಲು ಕುಡಿಯುತ್ತಿಲ್ಲವಾದರೆ, ತಾಯಿಗೆ ಶುಗರ್ ಇದ್ದರೆ, ನಡುಕವನ್ನೂ ತೋರಿಸಲೇಬೇಕು. ಗೊತ್ತಾಗದಿದ್ದರೆ ಮೊಬೈಲಲ್ಲಿ ಒಂದು ನಿಮಿಷ ವಿಡಿಯೋ ಮಾಡಿ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಫಿಟ್ಸ್ ನಿಂತಿರುತ್ತದೆ, ಬಾಯಲ್ಲಿ ವಿವರಿಸುವುದು ಕಷ್ಟ. ವಿಡಿಯೋ ನೋಡಿದರೆ ಡಾಕ್ಟರಿಗೆ ಅರ್ಧ ವಿಷಯ ತಿಳಿಯುತ್ತದೆ.

ಮನೆಯಲ್ಲಿ ಆ ಕ್ಷಣಕ್ಕೆ

ಕೂಸನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಂದ ಹಾಲು ಬಂದಿದ್ದರೆ ಮೆತ್ತನೆ ಬಟ್ಟೆಯಿಂದ ಒರೆಸಿ. ಗಡಿಯಾರ ನೋಡಿ. ಎಷ್ಟು ಹೊತ್ತಿಗೆ ಶುರುವಾಯಿತು, ಯಾವ ಕೈ, ಯಾವ ಕಣ್ಣು ಅಂತ ಒಬ್ಬರು ನೆನಪಿಟ್ಟುಕೊಳ್ಳಲಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಫಿಟ್ಸ್ ನಡೆಯುವಾಗ ಬಾಯಿಗೆ ಏನೂ ಹಾಕಬೇಡಿ. ಎದೆಹಾಲೂ ಬೇಡ, ಸಕ್ಕರೆ ನೀರೂ ಬೇಡ, ಜೇನುತುಪ್ಪವೂ ಬೇಡ. ನುಂಗುವ ಸ್ಥಿತಿಯಲ್ಲಿ ಕೂಸು ಇರುವುದಿಲ್ಲ, ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಬಜೆ ತೇಯ್ದು ನೆಕ್ಕಿಸುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಬೇಡ. ಹೊಟ್ಟೆಗೆ ಬರೆ ಹಾಕುವುದಂತೂ ಖಂಡಿತ ಬೇಡ. ಹೊಟ್ಟೆ ಮೇಲೆ ಸುಟ್ಟ ಗುರುತಿನೊಂದಿಗೆ ಬಂದ ಕೂಸುಗಳನ್ನು ನಾನು ಎತ್ತಿಕೊಂಡಿದ್ದೇನೆ. ಆ ಗಾಯದಿಂದ ಸೋಂಕು ಸೇರಿ ಒಂದು ಕಷ್ಟ ಎರಡಾಗುತ್ತದೆ. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ, ಕೂಸಿನ ಮೇಲೆ ಸಿಟ್ಟಿಂದ ಯಾರೂ ಮಾಡುವುದಿಲ್ಲ. ಅದಕ್ಕೇ ಅವರ ಹತ್ತಿರ ಜಗಳ ಮಾಡಬೇಡಿ. "ಅವ್ವಾ, ತಾಯತ ಕಟ್ಟೋದಿದ್ರ ಗಾಡ್ಯಾಗ ಕುಂತು ಕಟ್ಟು, ಮೊದಲ ದವಾಖಾನಿಗಿ ಹೋಗೂಣು" ಅನ್ನಿ. ತಾಯತದಿಂದ ಕೂಸಿಗೆ ಕೆಟ್ಟದ್ದಾಗುವುದಿಲ್ಲ, ತಡವಾದರೆ ಆಗುತ್ತದೆ.

ಮೈ ಬೆಚ್ಚಗಿಡಿ. ಇದು ಸಣ್ಣ ಮಾತಲ್ಲ. ಮೈ ತಣ್ಣಗಾದ ಕೂಸು ಬೆಚ್ಚಗಾಗಲು ತನ್ನೊಳಗಿನ ಸಕ್ಕರೆಯನ್ನೇ ಸುಡುತ್ತದೆ. ಬೀದರ್ ಕಡೆ ಡಿಸೆಂಬರ್ ರಾತ್ರಿಯಲ್ಲಿ ಬೈಕ್ ಮೇಲೆ ಒಯ್ದರೆ ದಾರಿಯಲ್ಲೇ ಸಕ್ಕರೆ ಇನ್ನಷ್ಟು ಇಳಿಯುತ್ತದೆ. ಟೋಪಿ ಹಾಕಿ. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಒತ್ತಿಟ್ಟು, ಮೇಲಿಂದ ಸೀರೆ ಮತ್ತು ಕಂಬಳಿ ಸುತ್ತಿ. ಮೂಗು, ಬಾಯಿ ತೆರೆದಿರಲಿ. ತಾಯಿ ಬರಲಾಗದಿದ್ದರೆ ತಂದೆಯ ಎದೆಯೂ ಆಗುತ್ತದೆ. ಫಿಟ್ಸ್ ಪೂರ್ತಿ ನಿಂತು, ಕೂಸು ಕಣ್ಣು ಬಿಟ್ಟು ತಾನಾಗಿ ಬಾಯಿ ಹುಡುಕಿದರೆ ಮಾತ್ರ ಎದೆಹಾಲು ಕೊಡಿ.

ಮೊದಲು ಹತ್ತಿರದ ಆಸ್ಪತ್ರೆ

ಫಿಟ್ಸ್ ಅಂದ ಕೂಡಲೇ ನಮ್ಮ ಜನ ಗಾಡಿ ಮಾಡಿಕೊಂಡು ಸೀದಾ ಕಲಬುರಗಿಗೆ ಹೊರಡುತ್ತಾರೆ. ಬೀದರ್ ಕಡೆಯವರು ಹೈದರಾಬಾದ್, ಆಳಂದ, ಅಫಜಲಪುರದವರು ಸೊಲ್ಲಾಪುರ ಅಂತಾರೆ. ಸುರಪುರದಿಂದ ಕಲಬುರಗಿ ನೂರು ಕಿಲೋಮೀಟರಿಗೂ ಜಾಸ್ತಿ. ಸಕ್ಕರೆ ಇಳಿದ ಕೂಸನ್ನು ಹಾಗೇ ಅಷ್ಟು ದೂರ ಒಯ್ಯುವುದು ತಪ್ಪು. ಪ್ರತಿ ನಿಮಿಷವೂ ಮೆದುಳಿಗೆ ಪೆಟ್ಟು ಬೀಳುತ್ತಿರುತ್ತದೆ. ಗ್ಲುಕೋಮೀಟರ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರುತ್ತದೆ, ತಾಲ್ಲೂಕು ಆಸ್ಪತ್ರೆಯಲ್ಲಂತೂ ಇರುತ್ತದೆ. ದಾರಿಯಲ್ಲಿ ಸಿಗುವ ಮೊದಲ ಆಸ್ಪತ್ರೆಯಲ್ಲಿ ಇಳಿಯಿರಿ. ಸಕ್ಕರೆ ನೋಡಿಸಿ, ಕಡಿಮೆ ಇದ್ದರೆ ನರಕ್ಕೆ ಗ್ಲೂಕೋಸ್ ಹಾಕಿಸಿ, ಆಮೇಲೆ 108ರಲ್ಲಿ ಮುಂದಕ್ಕೆ ಹೋಗಿ. ಅಲ್ಲಿ ಕಳೆದ ಹದಿನೈದು ನಿಮಿಷ ಖಂಡಿತ ದಂಡವಲ್ಲ.

ಮನೆಯಲ್ಲಿ ಅಜ್ಜನ ಶುಗರ್ ಮಷಿನ್ ಇದೆ, ಅದರಲ್ಲೇ ನೋಡೋಣವಾ ಅಂತ ಕೇಳುವವರಿದ್ದಾರೆ. ಎಳೆಗೂಸಿನ ಇಳಿದ ಸಕ್ಕರೆಯನ್ನು ಅದು ಸರಿಯಾಗಿ ತೋರಿಸುತ್ತದೆ ಅನ್ನುವ ಭರವಸೆ ಇಲ್ಲ. ಅದರಲ್ಲಿ ಸರಿ ಬಂತು ಅಂತ ಮನೆಯಲ್ಲಿ ಕೂತರೆ ಅಪಾಯ.

ಮುಂದಿನ ಚಿಕಿತ್ಸೆಗೆ ಜಿಲ್ಲಾ ಮಟ್ಟದಲ್ಲಿ ಎಳೆಗೂಸುಗಳ ವಿಶೇಷ ಘಟಕ ಇದೆ. ಎಸ್‌ಎನ್‌ಸಿಯು ಅಂತಾರೆ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಆಸ್ಪತ್ರೆಗೆ ಹೋಗಿ ಕೇಳಿ. ದುಡ್ಡಿನ ಚಿಂತೆಯಿಂದ ತಡ ಮಾಡಬೇಡಿ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಎಳೆಗೂಸಿನ ಚಿಕಿತ್ಸೆ, ಔಷಧಿ, ರಕ್ತ ಪರೀಕ್ಷೆ, ಓಡಾಟದ ಗಾಡಿ ಎಲ್ಲ ಉಚಿತ. ಮೊದಲು 30 ದಿನದ ಕೂಸಿಗೆ ಮಾತ್ರ ಇತ್ತು, ಆಮೇಲೆ ಒಂದು ವರ್ಷದವರೆಗೆ ಮಾಡಿದರು. ತಾಯಿ ಕಾರ್ಡ್ ಮತ್ತು ಹೆರಿಗೆಯ ಡಿಸ್ಚಾರ್ಜ್ ಚೀಟಿ ಒಯ್ಯಿರಿ.

ಕೇಳಲೇಬೇಕಾದ ಪ್ರಶ್ನೆ

"ಸಕ್ಕರೆ ನೋಡಿದ್ರಾ ಸರ್? ಎಷ್ಟು ಬಂತು?"

ಇದನ್ನು ಕೇಳಲು ಹಿಂಜರಿಯಬೇಡಿ. ಫಿಟ್ಸ್ ಔಷಧಿಗಿಂತ ಮೊದಲು ಸಕ್ಕರೆ ನೋಡಿ ಸರಿಪಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಸಕ್ಕರೆ ನೋಡುವ ಅನುಕೂಲ ಇಲ್ಲದ ಕಡೆ ಹಾಗೇ ಗ್ಲೂಕೋಸ್ ಕೊಡುವುದನ್ನೂ ಯೋಚಿಸಿ ಅಂದಿದೆ. ಕಾರಣ ಸರಳ. ಸಕ್ಕರೆ ಕಡಿಮೆಯಾಗಿ ಬಂದ ಫಿಟ್ಸ್‌ಗೆ ಬರೀ ಫಿಟ್ಸ್ ಇಂಜೆಕ್ಷನ್ ಕೊಟ್ಟರೆ ಕೂಸು ಮಂಪರಿಗೆ ಹೋಗುತ್ತದೆ, ಮೆದುಳು ಹಸಿದೇ ಇರುತ್ತದೆ. ಹೊರಗಿಂದ ನೋಡುವವರಿಗೆ ಮಾತ್ರ ಎಲ್ಲ ಶಾಂತವಾದಂತೆ ಕಾಣುತ್ತದೆ.

ನೂರು ಎಂಎಲ್ ರಕ್ತದಲ್ಲಿ ಸಕ್ಕರೆ 45 ಮಿಲಿಗ್ರಾಂಗಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ. ಫಿಟ್ಸ್ ಇದ್ದರೆ 10 ಪರ್ಸೆಂಟ್ ಗ್ಲೂಕೋಸನ್ನು ಒಂದು ಕೆಜಿ ತೂಕಕ್ಕೆ 2 ಎಂಎಲ್‌ನಂತೆ ನರಕ್ಕೆ ಕೊಡುತ್ತಾರೆ. ಮೂರು ಕೆಜಿ ಕೂಸಿಗೆ 6 ಎಂಎಲ್. ಒಂದು ಚಿಕ್ಕ ಸಿರಿಂಜ್ ತುಂಬುವಷ್ಟು, ಅಷ್ಟೇ ನೋಡಿ! ಆಮೇಲೆ ಡ್ರಿಪ್ ಮೂಲಕ ಸತತವಾಗಿ ಕೊಡುತ್ತಾ, ಮತ್ತೆ ಮತ್ತೆ ಹಿಮ್ಮಡಿ ಚುಚ್ಚಿ ನೋಡುತ್ತಾರೆ. "ಎಷ್ಟು ಸಲ ಚುಚ್ಚತೀರ್ರಿ ಕೂಸಿಗಿ" ಅಂತ ತಾಯಂದಿರು ಅಳುತ್ತಾರೆ. ನನಗೂ ಕರುಳು ಚುರ್ ಅನ್ನುತ್ತಿತ್ತು. ಆದರೆ ಏರಿದ ಸಕ್ಕರೆ ಮತ್ತೆ ಇಳಿಯಬಹುದು, ಚುಚ್ಚದೆ ಗೊತ್ತಾಗುವುದಿಲ್ಲ.

ಯಾವ ಕೂಸಿಗೆ ಈ ಭಯ ಜಾಸ್ತಿ? ಎರಡೂವರೆ ಕೆಜಿಗಿಂತ ಕಡಿಮೆ ಇರುವುದು, ದಿನ ತುಂಬದೆ ಹುಟ್ಟಿದ್ದು, ಹುಟ್ಟಿದಾಗ ಅಳದೇ ಇದ್ದದ್ದು, ಮೊದಲ ಹಾಲು ತಡವಾದದ್ದು. ಇನ್ನೊಂದು, ಶುಗರ್ ಇರುವ ತಾಯಿಯ ಕೂಸು. ಇದು ದಪ್ಪಗೆ, ನಾಲ್ಕು ಕೆಜಿ ಹತ್ತಿರ ಇರುತ್ತದೆ. ಎಲ್ಲರೂ ಗಟ್ಟಿ ಕೂಸು ಅಂತ ಖುಷಿಪಡುತ್ತಾರೆ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಸಕ್ಕರೆ ಧಾರಾಳವಾಗಿ ಬರುತ್ತಿತ್ತು, ಅದಕ್ಕೆ ತಕ್ಕಂತೆ ಕೂಸು ಇನ್ಸುಲಿನ್ ಜಾಸ್ತಿ ಮಾಡುತ್ತಿತ್ತು. ಹೊಕ್ಕಳಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ಬರುವುದು ನಿಂತಿತು, ಇನ್ಸುಲಿನ್ ಮಾತ್ರ ಉಳಿಯಿತು. ಮೊದಲ ಕೆಲವು ಗಂಟೆಗಳಲ್ಲೇ ಸಕ್ಕರೆ ಕುಸಿಯುತ್ತದೆ. ಇಂಥ ಕೂಸುಗಳಿಗೆ ಮೊದಲ ಎರಡು ಮೂರು ದಿನ ಹೊತ್ತು ಹೊತ್ತಿಗೆ ಸಕ್ಕರೆ ನೋಡಬೇಕು. ನೋಡದಿದ್ದರೆ ನೀವೇ ಕೇಳಿ.

ಎಮ್ಮೆ ಹಾಲು, ಬಿಸಿಲು, ಕ್ಯಾಲ್ಸಿಯಂ

ಸಕ್ಕರೆ ಸರಿ ಇದ್ದರೆ ಮುಂದಿನದು ಕ್ಯಾಲ್ಸಿಯಂ. ದಿನ ತುಂಬಿದ ಕೂಸಿನಲ್ಲಿ 8 ಮಿಲಿಗ್ರಾಂ, ತುಂಬದ ಕೂಸಿನಲ್ಲಿ 7 ಮಿಲಿಗ್ರಾಂಗಿಂತ ಕೆಳಗಿದ್ದರೆ ಕಡಿಮೆ. ಇದು ಎರಡು ಹೊತ್ತಿನಲ್ಲಿ ಬರುತ್ತದೆ. ಮೊದಲ ಮೂರು ದಿನದಲ್ಲಿ ಬಂದರೆ ಅದು ಬಹುತೇಕ ಸಣ್ಣ ಕೂಸು, ಉಸಿರು ಕಟ್ಟಿದ ಕೂಸು, ಶುಗರ್ ತಾಯಿಯ ಕೂಸು. ವಾರದ ಹೊತ್ತಿಗೆ ಬರುವುದು ಬೇರೆ. ಕೂಸು ದಿನ ತುಂಬಿ ಹುಟ್ಟಿರುತ್ತದೆ, ಚೆನ್ನಾಗಿ ಹಾಲು ಕುಡಿಯುತ್ತಿರುತ್ತದೆ, ಫಿಟ್ಸ್ ನಡುವೆ ಕಣ್ಣು ಬಿಟ್ಟು ನೋಡುತ್ತಲೂ ಇರುತ್ತದೆ. ಇದ್ದಕ್ಕಿದ್ದಂತೆ ಫಿಟ್ಸ್. ಮನೆಯವರು ದೃಷ್ಟಿ ಅಂದುಕೊಳ್ಳುವುದು ಸಹಜ ಅಲ್ವಾ?

ಇದಕ್ಕೆ ನಮ್ಮ ಕಡೆ ಎರಡು ಕಾರಣ ಮುಖ್ಯ. ಒಂದು, ಹೊರಗಿನ ಹಾಲು. ಆಕಳ ಹಾಲಿನಲ್ಲಿ ರಂಜಕ, ಅಂದರೆ ಫಾಸ್ಫರಸ್, ತಾಯಿಯ ಹಾಲಿಗಿಂತ ಐದಾರು ಪಟ್ಟು ಜಾಸ್ತಿ. ಎಮ್ಮೆ ಹಾಲಿನಲ್ಲಿ ಇನ್ನೂ ಜಾಸ್ತಿ. ಅದು ಕರುವಿಗೆ ಸರಿ. ಕೂಸಿನ ಎಳೆ ಮೂತ್ರಪಿಂಡಕ್ಕೆ ಅಷ್ಟು ರಂಜಕ ಹೊರಗೆ ಹಾಕಲಾಗುವುದಿಲ್ಲ. ರಕ್ತದಲ್ಲಿ ರಂಜಕ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಎರಡನೆಯದು ತಾಯಿಯ ವಿಟಮಿನ್ ಡಿ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ವಿಟಮಿನ್ ಡಿ ಕೊರತೆಯಾ ಅಂತ ಆಶ್ಚರ್ಯ ಆಗಬಹುದು. ಬಿಸಿಲು ಎಷ್ಟಿದ್ದರೇನು, ಬಸುರಿ ಹೆಂಗಸು ಅದಕ್ಕೆ ಹೆದರಿ ಒಳಗೇ ಕೂತರೆ, ಹೊರಗೆ ಬಂದರೂ ಮೈತುಂಬ ಹೊದ್ದರೆ, ಚರ್ಮಕ್ಕೆ ಬಿಸಿಲು ತಾಗುವುದೇ ಇಲ್ಲ. ತಾಯಿಯಲ್ಲಿ ಇಲ್ಲದ್ದು ಕೂಸಿಗೆ ಎಲ್ಲಿಂದ ಬರಬೇಕು? ಹಾಗಾಗಿ ಕೂಸಿನ ಕ್ಯಾಲ್ಸಿಯಂ ಕಡಿಮೆ ಬಂದರೆ "ನನ್ನ ಕ್ಯಾಲ್ಸಿಯಂ, ವಿಟಮಿನ್ ಡಿ ಕೂಡ ನೋಡ್ರಿ" ಅಂತ ತಾಯಿಯೇ ಕೇಳಬೇಕು. ಇಬ್ಬರಿಗೂ ಚಿಕಿತ್ಸೆ ಬೇಕಾಗಬಹುದು.

ಕ್ಯಾಲ್ಸಿಯಂ ಇಂಜೆಕ್ಷನ್ನನ್ನು ನಿಧಾನವಾಗಿ, ಹೃದಯದ ಬಡಿತ ನೋಡುತ್ತಾ ಕೊಡಬೇಕು. ಬೇಗ ಕೊಟ್ಟರೆ ಬಡಿತ ಇಳಿಯುತ್ತದೆ. ನರದಿಂದ ಹೊರಗೆ ಸೋರಿದರೆ ಚರ್ಮ ಸುಟ್ಟಂತಾಗುತ್ತದೆ. ನೀವು ಹತ್ತಿರ ಇದ್ದರೆ ಸೂಜಿ ಹಾಕಿದ ಜಾಗ ಗಮನಿಸಿ. ಊದಿದರೆ, ಕೆಂಪಗೆ ಅಥವಾ ಬೆಳ್ಳಗೆ ಆದರೆ, ಮುಟ್ಟಿದಾಗ ಕೂಸು ಚೀರಿದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ತೊಂದರೆ ಕೊಡುತ್ತೇನೆ ಅಂತ ಸಂಕೋಚ ಬೇಡ. ಒಂದು ವಾರ್ಡಿನಲ್ಲಿ ನಮಗೆ ಕೂಸುಗಳು ಬಹಳ ಇರುತ್ತವೆ, ನೀವು ಕರೆದರೆ ನಮಗೇ ಉಪಕಾರ.

ಎರಡು ಮೂರು ಸಲ ಕೊಟ್ಟರೂ ಕ್ಯಾಲ್ಸಿಯಂ ಏರುತ್ತಿಲ್ಲ ಅಂದರೆ ಮೆಗ್ನೀಷಿಯಂ ನೋಡಬೇಕು. ಅದು ಕಡಿಮೆ ಇದ್ದರೆ ಎಷ್ಟು ಕ್ಯಾಲ್ಸಿಯಂ ಹಾಕಿದರೂ ನಿಲ್ಲುವುದಿಲ್ಲ.

ಅಳದ "ಒಳ್ಳೆ ಕೂಸು"

ಬೇಸಿಗೆಯಲ್ಲಿ ಹುಟ್ಟಿದ ಕೂಸುಗಳ ವಿಷಯದಲ್ಲಿ ಸೋಡಿಯಂ, ಅಂದರೆ ರಕ್ತದ ಉಪ್ಪಿನ ಅಂಶದ ಮೇಲೆ ಕಣ್ಣಿಡಬೇಕು. ಚೊಚ್ಚಲ ಬಾಣಂತಿ, ಎದೆಗೆ ಹಿಡಿಯುವುದು ಇನ್ನೂ ಕೂಡಿ ಬಂದಿಲ್ಲ, ತಗಡಿನ ಮನೆ, ಬಿಸಿಗಾಳಿ. ಕೂಸು ನಾಲ್ಕು ದಿನ ಸುಮ್ನೆ ಮಲಗಿರುತ್ತದೆ. "ಭಾಳ ಛಲೋ ಕೂಸು, ಅಳೂದೇ ಇಲ್ಲ" ಅಂತ ಎಲ್ಲರೂ ಅನ್ನುತ್ತಾರೆ. ಅಳಲು ಅದಕ್ಕೆ ಶಕ್ತಿಯೇ ಇರುವುದಿಲ್ಲ. ಐದನೇ ದಿನದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೋಗಬೇಕು. ಬಟ್ಟೆಯಲ್ಲಿ ಇಟ್ಟಿಗೆ ಬಣ್ಣದ ಕಲೆ ಕಂಡರೆ, ಹುಟ್ಟಿದ ತೂಕದಲ್ಲಿ ನೂರಕ್ಕೆ ಹತ್ತರಷ್ಟು ಇಳಿದರೆ ಕೂಡಲೇ ತೋರಿಸಿ. ಇಂಥ ಕೂಸಿನ ಸೋಡಿಯಂ ಏರಿರುತ್ತದೆ. ಅದನ್ನು ಎರಡು ದಿನ ಅಥವಾ ಅದಕ್ಕೂ ಜಾಸ್ತಿ ಹೊತ್ತು ತೆಗೆದುಕೊಂಡು ನಿಧಾನವಾಗಿ ಇಳಿಸಬೇಕು. ಬೇಗ ಇಳಿಸಿದರೆ ಮೆದುಳು ಊದಿಕೊಂಡು ಆಗಲೇ ಫಿಟ್ಸ್ ಬರುತ್ತದೆ. "ಜಲ್ದಿ ಗ್ಲೂಕೋಸ್ ಏರಿಸ್ರಿ" ಅಂತ ಒತ್ತಾಯ ಮಾಡಬೇಡಿ.

ಇದರ ಉಲ್ಟಾ ಕೂಡ ನಡೆಯುತ್ತದೆ. ಬಿಸಿಲಿಗೆ ಗಂಟಲು ಒಣಗೀತು ಅಂತ ನೀರು ಕುಡಿಸುವುದು, ಪುಡಿ ಹಾಲನ್ನು ತೆಳ್ಳಗೆ ಮಾಡಿ ಕೊಡುವುದು. ಆಗ ಸೋಡಿಯಂ ಇಳಿಯುತ್ತದೆ, ಅದರಿಂದಲೂ ಫಿಟ್ಸ್ ಬರುತ್ತದೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲೂ ಆರು ತಿಂಗಳವರೆಗೆ ಕೂಸಿಗೆ ನೀರು ಬೇಡ. ನೀರು, ಮಜ್ಜಿಗೆ ಕುಡಿಯಬೇಕಾದವಳು ತಾಯಿ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ ದಿನಕ್ಕೆ 8ರಿಂದ 12 ಸಲ ಎದೆಹಾಲು ಸಿಕ್ಕರೆ ಕೂಸಿಗೆ ಸಾಕು. ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬೇಡಿ. ಹುಟ್ಟಿದ ಒಂದು ಗಂಟೆಯೊಳಗೆ ಅದು ಕೂಸಿನ ಬಾಯಿಗೆ ಬೀಳಬೇಕು, ಸಕ್ಕರೆ ಇಳಿಯದಂತೆ ಕಾಯುವುದು ಅದೇ. ಸಿಸೇರಿಯನ್ ಆದವರಿಗೂ ಇದು ಆಗುತ್ತದೆ, ಸಿಸ್ಟರ್ ಸಹಾಯ ಕೇಳಿ.

ಸಂಬಂಧದಲ್ಲಿ ಮದುವೆ ಆಗಿದ್ದರೆ ಮುಚ್ಚಿಡಬೇಡಿ

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆ ಆಗಿರುವುದು ನಮ್ಮ ಭಾಗದಲ್ಲಿ ಸಾಮಾನ್ಯ. ಡಾಕ್ಟರು ಕೇಳಿದರೆ ಬೈಯುವುದಕ್ಕೆ ಅಂತ ತಿಳಿಯಬೇಡಿ. ಸಕ್ಕರೆ, ಕ್ಯಾಲ್ಸಿಯಂ ಎಲ್ಲ ಸರಿ ಇದ್ದೂ ಫಿಟ್ಸ್ ನಿಲ್ಲದಿದ್ದರೆ ಹುಟ್ಟಿನಿಂದಲೇ ಬಂದ ಚಯಾಪಚಯದ ಕಾಯಿಲೆ ಇರಬಹುದು. ಕೂಸಿನ ಮೈ ಹಾಲಿನ ಯಾವುದೋ ಒಂದು ಅಂಶವನ್ನು ಅರಗಿಸಲಾರದು. ಹುಟ್ಟಿದಾಗ ಚೆನ್ನಾಗಿರುತ್ತದೆ. ಹಾಲು ಕುಡಿಯಲು ಶುರು ಮಾಡಿದ ಮೇಲೆ ಮಂಕಾಗುತ್ತದೆ, ವಾಂತಿ, ಜೋರು ಉಸಿರು, ಆಮೇಲೆ ಫಿಟ್ಸ್. ಮನೆಯಲ್ಲಿ ಮೊದಲೊಂದು ಕೂಸು ಹೀಗೇ ತೀರಿಕೊಂಡಿದ್ದರೆ ಅದನ್ನು ಹೇಳಲೇಬೇಕು. ಎಷ್ಟು ನೋವಾದರೂ ಹೇಳಿ. ಆಗ ಡಾಕ್ಟರು ಅಮೋನಿಯಾ, ಲ್ಯಾಕ್ಟೇಟ್, ಟಿಎಂಎಸ್ ಅನ್ನುವ ರಕ್ತ ಪರೀಕ್ಷೆಗಳ ಕಡೆ ಬೇಗ ಹೋಗುತ್ತಾರೆ. ಅಪರೂಪಕ್ಕೆ ವಿಟಮಿನ್ ಬಿ6ಗೆ ಮಾತ್ರ ನಿಲ್ಲುವ ಫಿಟ್ಸ್ ಕೂಡ ಇದೆ, ಅದನ್ನೂ ಕೊಟ್ಟು ನೋಡುತ್ತಾರೆ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಚೀಟಿಯಲ್ಲಿ ಯಾವುದು ಇಳಿದಿತ್ತು, ಎಷ್ಟಕ್ಕೆ ಇಳಿದಿತ್ತು ಅಂತ ಅಂಕಿ ಸಮೇತ ಬರೆಸಿಕೊಳ್ಳಿ. ಬರೀ "ಫಿಟ್ಸ್" ಅಂತ ಇದ್ದರೆ ಮುಂದೆ ನೋಡುವ ಡಾಕ್ಟರಿಗೆ ಉಪಯೋಗ ಇಲ್ಲ. ಬೆಂಗಳೂರಿಗೋ ಮುಂಬೈಗೋ ಕೆಲಸಕ್ಕೆ ಹೋಗುವವರು ಆ ಚೀಟಿಯ ಫೋಟೋ ಮೊಬೈಲಲ್ಲಿ ಇಟ್ಟುಕೊಳ್ಳಿ.

ಫಿಟ್ಸ್ ಔಷಧಿ ಮುಂದುವರಿಸಬೇಕಾ, ಎಷ್ಟು ದಿನ, ಕೇಳಿಕೊಳ್ಳಿ. ಏರುಪೇರು ಸರಿಯಾದ ಮೇಲೆ ಹಲವು ಕೂಸುಗಳಿಗೆ ಬೇಕಾಗುವುದಿಲ್ಲ. ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ.

ವಿಟಮಿನ್ ಡಿ ಹನಿ ಕೂಸಿಗೆ ಸಾಮಾನ್ಯವಾಗಿ ದಿನಕ್ಕೆ 400 ಯುನಿಟ್. ಕ್ಯಾಲ್ಸಿಯಂ ಇಳಿದಿದ್ದ ಕೂಸಿಗೆ ಡಾಕ್ಟರು ಬೇರೆ ಲೆಕ್ಕ ಹೇಳಬಹುದು. ಒಂದು ಬಾಟಲಿಯಲ್ಲಿ ಒಂದು ಎಂಎಲ್‌ಗೆ 400 ಇರುತ್ತದೆ, ಇನ್ನೊಂದರಲ್ಲಿ 800. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಅಳತೆ ಮತ್ತೆ ಕೇಳಿ. ದೊಡ್ಡವರು ವಾರಕ್ಕೊಮ್ಮೆ ತೆಗೆದುಕೊಳ್ಳುವ 60,000 ಯುನಿಟ್ ಪುಡಿಯನ್ನು ಕೂಸಿಗೆ ಹಾಕಲೇಬೇಡಿ.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಕೂಸಿನ ತೂಕ ಮಾಡಿಸಿ, ಎದೆಗೆ ಹಿಡಿಯುವುದನ್ನು ತೋರಿಸಿ ಸರಿ ಇದೆಯಾ ಕೇಳಿ.

ಕ್ಯಾಲ್ಸಿಯಂ ಇಳಿದು ವಾರದ ಹೊತ್ತಿಗೆ ಬಂದ ಫಿಟ್ಸ್ ಆಗಿದ್ದರೆ ಹೆಚ್ಚಿನ ಕೂಸುಗಳು ಮುಂದೆ ಚೆನ್ನಾಗಿಯೇ ಬೆಳೆಯುತ್ತವೆ. ಸಕ್ಕರೆ ಇಳಿದಿದ್ದ ಕೂಸಿನ ಮೇಲೆ ಮಾತ್ರ ಒಂದು ವರ್ಷ ಪೂರ್ತಿ ಕಣ್ಣಿಡಿ. ಸಕ್ಕರೆಯ ಪೆಟ್ಟು ಮೆದುಳಿನ ಹಿಂಭಾಗಕ್ಕೆ, ನೋಟದ ಜಾಗಕ್ಕೆ ಜಾಸ್ತಿ ಬೀಳುತ್ತದೆ. ಎರಡು ಮೂರು ತಿಂಗಳಿಗೆ ಮುಖ ನೋಡಿ ನಗದಿದ್ದರೆ ತೋರಿಸಿ. ಮೂರರಿಂದ ಎಂಟು ತಿಂಗಳ ನಡುವೆ, ನಿದ್ದೆಯಿಂದ ಎದ್ದ ಕೂಡಲೇ ತಲೆ ಬಗ್ಗಿಸಿ ಕೈ ಮುಂದೆ ಚಾಚಿ ಸಲಾಂ ಮಾಡಿದಂತೆ ಸಾಲಾಗಿ ಬೆಚ್ಚಿದರೆ ವಿಡಿಯೋ ಮಾಡಿಕೊಂಡು ಅದೇ ವಾರ ಮಕ್ಕಳ ಡಾಕ್ಟರಿಗೆ ತೋರಿಸಿ. ಹೊಟ್ಟೆನೋವು ಅಂತ ಗ್ರೈಪ್ ವಾಟರ್ ಕುಡಿಸುತ್ತಾ ತಿಂಗಳುಗಟ್ಟಲೆ ಕಾಯಬೇಡಿ. ನಾನು ಮೊದಲು ಹೇಳಿದ ಆ ಎರಡನೇ ಕೂಸಿಗೆ ಶುರುವಾದದ್ದು ಇದೇ.

ಮುಂದಿನ ಬಸಿರಿನಲ್ಲಿ ಹೆಸರು ನೋಂದಾಯಿಸುವ ದಿನವೇ ಹಿಂದಿನ ಕೂಸಿಗೆ ಫಿಟ್ಸ್ ಬಂದಿತ್ತು ಅಂತ ಹೇಳಿ ತಾಯಿ ಕಾರ್ಡಿನಲ್ಲಿ ಬರೆಸಿ. ಶುಗರ್ ಪರೀಕ್ಷೆ ಮಾಡಿಸಿ. ಸರ್ಕಾರದಿಂದ ಕೊಡುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆಯನ್ನು ನಾಲ್ಕನೇ ತಿಂಗಳಿಂದ ದಿನಕ್ಕೆ ಎರಡು, ಊಟದ ಜೊತೆ ತೆಗೆದುಕೊಳ್ಳಿ. ಹೆರಿಗೆ ಆದ ಮೇಲೂ ಆರು ತಿಂಗಳು ನಿಲ್ಲಿಸಬೇಡಿ. ಕಬ್ಬಿಣದ ಮಾತ್ರೆಯನ್ನು ಅದರ ಜೊತೆ ನುಂಗದೆ ಬೇರೆ ಹೊತ್ತಿಗೆ ನುಂಗಿ. ಹೆರಿಗೆಗೆ ಹೋದ ದಿನ ಜೊತೆಗೆ ಬಂದವರಿಗೆ ಹೇಳಿಟ್ಟಿರಿ, ಕೂಸು ಹುಟ್ಟಿದ ಮೇಲೆ ಅದರ ಸಕ್ಕರೆ ನೋಡಿದ್ರಾ ಅಂತ ಕೇಳಲಿ.